ಪೇರೋಲ್ ಸಾಫ್ಟ್‌ವೇರ್ ಪುಕ್ಕಟೆ ಕೊಟ್ಟರೆ ಕಂಪನಿ ಬೆಳೆಯುತ್ತಾ?

ಓದುಗರ ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾನು, ನನ್ನ ತಮ್ಮ ಮತ್ತು ಒಬ್ಬ ಗೆಳತಿ ಸೇರಿ ಆನ್‌ಲೈನ್ ಪೇರೋಲ್ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ಹಾಜರಿ, ರಜೆ, ಸಂಬಳ, ಪಿಎಫ್, ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ), ಪೇ ಸ್ಲಿಪ್ ಎಲ್ಲ ಅದರಲ್ಲೇ ಆಗುತ್ತದೆ. 70 ಕಂಪನಿಗಳು ಗಿರಾಕಿಗಳು, ಒಟ್ಟು ಸುಮಾರು 5,200 ನೌಕರರು. ಹೆಚ್ಚಿನವು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಸಣ್ಣ ಕಾರ್ಖಾನೆಗಳು, ಆಸ್ಪತ್ರೆಗಳು, ಅಂಗಡಿಗಳು. ಒಬ್ಬ ನೌಕರನ ಲೆಕ್ಕಕ್ಕೆ ತಿಂಗಳಿಗೆ 35 ರೂಪಾಯಿ ತೆಗೆದುಕೊಳ್ಳುತ್ತೇವೆ. ಈಗ ಬೆಂಗಳೂರಿನ ಒಬ್ಬ ಹೂಡಿಕೆದಾರರು ಬಂದಿದ್ದಾರೆ. ಸಾಫ್ಟ್‌ವೇರ್ ಪುಕ್ಕಟೆ ಕೊಡಿ, ಒಂದೇ ವರ್ಷದಲ್ಲಿ ದೇಶದ ತುಂಬ 1,000 ಕಂಪನಿ ಹಿಡಿಯಿರಿ, ಆಮೇಲೆ ವಿಮೆ ಮತ್ತು ಸಂಬಳದ ಮುಂಗಡ ಸಾಲದಲ್ಲಿ ದುಡ್ಡು ಮಾಡೋಣ ಅನ್ನುತ್ತಾರೆ. ಅಮೆರಿಕದ ಝೆನಿಫಿಟ್ಸ್ ಹೀಗೇ ಬೆಳೆಯಿತಂತೆ. ತಮ್ಮನಿಗೆ ಈಗಲೇ ಸಹಿ ಹಾಕುವ ಆತುರ. ನನಗೆ ಧೈರ್ಯ ಸಾಲುತ್ತಿಲ್ಲ. ಬೇಡ ಅಂದರೆ ದೊಡ್ಡ ಕಂಪನಿಗಳು ನಮ್ಮನ್ನು ನುಂಗಿಬಿಡುತ್ತವಾ ಅನ್ನೋ ಭಯವೂ ಇದೆ. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ಪುಕ್ಕಟೆ ಕೊಟ್ಟು ಬೆಳೆಯುವುದು ಸರಿಯಾ? ಬೇಗ ಬೆಳೆಯದಿದ್ದರೆ ಮುಳುಗಿಹೋಗುತ್ತೇವಾ? ನಿಮ್ಮ ಹೂಡಿಕೆದಾರರು ಎರಡನೆಯದರ ಭಯ ತೋರಿಸಿ ಮೊದಲನೆಯದಕ್ಕೆ ಒಪ್ಪಿಸುತ್ತಿದ್ದಾರೆ. ನಾನು ಸಂಬಳದ ಲೆಕ್ಕದಲ್ಲೇ ತಲೆ ನರೆಸಿಕೊಂಡವನು, ಈಗ ನಿಮ್ಮಂಥ ಕಂಪನಿಗಳಿಗೆ ಸಲಹೆ ಕೊಡುತ್ತೇನೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಪುಕ್ಕಟೆ ಬೇಡ. ಹೂಡಿಕೆ ಬೇಡ ಅನ್ನುತ್ತಿಲ್ಲ, ಅದು ಬೇರೆ ಮಾತು.

ಮೊದಲು ಝೆನಿಫಿಟ್ಸ್. ನಿಮಗೆ ಹೇಳಿರುವುದು ಅರ್ಧ ಕಥೆ. 2013ರಲ್ಲಿ ಪಾರ್ಕರ್ ಕಾನ್ರಾಡ್ ಮತ್ತು ಲಕ್ಸ್ ಶ್ರೀನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುಮಾಡಿದ ಕಂಪನಿ ಅದು. ಎಚ್‌ಆರ್ ಸಾಫ್ಟ್‌ವೇರ್ ಪುಕ್ಕಟೆ. ಗಿರಾಕಿ ಕಂಪನಿ ತನ್ನ ನೌಕರರ ಆರೋಗ್ಯ ವಿಮೆಗೆ ಝೆನಿಫಿಟ್ಸನ್ನೇ ಬ್ರೋಕರ್ ಮಾಡಿಕೊಂಡರೆ ವಿಮಾ ಕಂಪನಿಯಿಂದ ಇವರಿಗೆ ತಿಂಗಳು ತಿಂಗಳು ಕಮಿಷನ್. ಬೆಳೆದ ವೇಗ ನಿಜಕ್ಕೂ ಬೆರಗಿನದು. 2015ರ ಮೇ ತಿಂಗಳಲ್ಲಿ 50 ಕೋಟಿ ಡಾಲರ್ ಹೂಡಿಕೆ ಬಂತು, ಕಂಪನಿಯ ಬೆಲೆ 450 ಕೋಟಿ ಡಾಲರ್ ಅಂತ ಕಟ್ಟಿದರು. ಇಲ್ಲಿಯವರೆಗಿನದು ನಿಮ್ಮ ತಮ್ಮನಿಗೆ ಗೊತ್ತು.

ಮುಂದಿನದು ಇದು. ವಿಮೆ ಮಾರಲು ಅಮೆರಿಕದಲ್ಲಿ ರಾಜ್ಯಕ್ಕೊಂದು ಲೈಸೆನ್ಸ್ ಬೇಕು. ಗಿರಾಕಿಗಳು ಬಂದ ವೇಗಕ್ಕೆ ಲೈಸೆನ್ಸ್ ಇರುವ ಜನ ಸಿಗಲಿಲ್ಲ, ಲೈಸೆನ್ಸ್ ಇಲ್ಲದವರೂ ಮಾರಿದರು. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆಗೆ ಮೊದಲು 52 ಗಂಟೆ ತರಬೇತಿ ಮುಗಿಸಬೇಕಿತ್ತು. ಆನ್‌ಲೈನ್ ಕೋರ್ಸ್ ಮುಂದೆ ಅಷ್ಟು ಹೊತ್ತು ಕೂತಂತೆ ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಕಂಪನಿಯೊಳಗೇ ಓಡಾಡಿತು. 2016ರ ಫೆಬ್ರವರಿಯಲ್ಲಿ ಕಾನ್ರಾಡ್ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ಕಂಪನಿಯ ಬೆಲೆಯನ್ನು 200 ಕೋಟಿ ಡಾಲರಿಗೆ ಇಳಿಸಿದರು. ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ 70 ಲಕ್ಷ ಡಾಲರ್ ದಂಡ ಹಾಕಿತು, ಅರ್ಧ ಷರತ್ತಿನ ಮೇಲೆ ಬಿಟ್ಟಿತು. 2017ರಲ್ಲಿ ಹೂಡಿಕೆದಾರರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಅಲ್ಲಿನ ಷೇರು ನಿಯಂತ್ರಕ ಸಂಸ್ಥೆಯಿಂದ ಕಂಪನಿಗೂ ಕಾನ್ರಾಡ್‌ಗೂ ಸೇರಿ ಸುಮಾರು 10 ಲಕ್ಷ ಡಾಲರ್ ದಂಡ. ಆ ವರ್ಷದ ಫೆಬ್ರವರಿಯಲ್ಲೇ ಉಳಿದ ನೌಕರರಲ್ಲಿ ಅರ್ಧದ ಹತ್ತಿರ ಜನರನ್ನು ಮನೆಗೆ ಕಳಿಸಿದ್ದರು. ಕೊನೆಗೆ 2022ರಲ್ಲಿ ಟ್ರೈನೆಟ್ ಅನ್ನುವ ಇನ್ನೊಂದು ಎಚ್‌ಆರ್ ಕಂಪನಿ ಅದನ್ನು ಕೊಂಡುಕೊಂಡಿತು.

ಕಾನ್ರಾಡ್ 2016ರಲ್ಲೇ ರಿಪ್ಲಿಂಗ್ ಅಂತ ಇನ್ನೊಂದು ಕಂಪನಿ ಕಟ್ಟಿದರು. ಬೆಂಗಳೂರಿನಲ್ಲೂ ಅದರ ದೊಡ್ಡ ಆಫೀಸಿದೆ. ಅದು ತಲೆಗೆ ಇಷ್ಟು ಅಂತ ತಿಂಗಳಿಗೆ ದುಡ್ಡು ತೆಗೆದುಕೊಳ್ಳುತ್ತದೆ. ಪುಕ್ಕಟೆ ದಾರಿಯಲ್ಲಿ ನಡೆದವರೇ ಎರಡನೇ ಸಲ ಆ ದಾರಿ ಹಿಡಿಯಲಿಲ್ಲ. ಇದನ್ನು ನಿಮ್ಮ ತಮ್ಮನಿಗೆ ಹೇಳಿ.

ಆದರೆ ಇದು ಬರೀ ಅಡ್ಡದಾರಿ ಹಿಡಿದವರ ಕಥೆ ಅಂದುಕೊಳ್ಳಬೇಡಿ. ನಾವು ಪ್ರಾಮಾಣಿಕವಾಗಿ ಮಾಡೋಣ ಅಂತ ನಿಮ್ಮ ಹೂಡಿಕೆದಾರರು ಹೇಳಬಹುದು, ಹೇಳಲಿ. ಪ್ರಾಮಾಣಿಕವಾಗಿ ಮಾಡಿದರೂ ಹುಬ್ಬಳ್ಳಿಯಲ್ಲಿ ಆ ಲೆಕ್ಕ ಕೂಡುವುದಿಲ್ಲ. ಅಮೆರಿಕದಲ್ಲಿ 2015ರಲ್ಲಿ ಕಂಪನಿ ಮೂಲಕ ಒಬ್ಬ ನೌಕರನಿಗೆ ಮಾಡಿಸುವ ಆರೋಗ್ಯ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 6,251 ಡಾಲರ್, ಕುಟುಂಬಕ್ಕಾದರೆ 17,545 ಡಾಲರ್. ಅಷ್ಟು ದೊಡ್ಡ ಮೊತ್ತದ ಮೇಲೆ ಕಮಿಷನ್ ಬಂದರೆ ಸಾಫ್ಟ್‌ವೇರ್ ಪುಕ್ಕಟೆ ಕೊಡಬಹುದು. ಇಲ್ಲಿ ಏನಿದೆ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐಗೆ ಬರುತ್ತಾರೆ. ನೌಕರನಿಂದ 0.75%, ಮಾಲೀಕರಿಂದ 3.25% ಪ್ರತಿ ತಿಂಗಳೂ ಅಲ್ಲಿಗೆ ಹೋಗುತ್ತಿದೆ. ನಿಮ್ಮ 5,200 ಜನರಲ್ಲಿ ಎಷ್ಟು ಮಂದಿ ಈ ಮಿತಿಯೊಳಗಿದ್ದಾರೆ? ಡೇಟಾ ನಿಮ್ಮ ಹತ್ತಿರವೇ ಇದೆ, ಇವತ್ತೇ ತೆಗೆದು ನೋಡಿ. ನನ್ನ ಅನುಭವದಲ್ಲಿ ಇಂಥ ಸಣ್ಣ ಕಾರ್ಖಾನೆ, ಅಂಗಡಿಗಳಲ್ಲಿ ಬಹುಪಾಲು ಜನ ಒಳಗೇ ಇರುತ್ತಾರೆ. ಇಎಸ್‌ಐ ಕಟ್ಟುತ್ತಿರುವ ಮಾಲೀಕರು ಅದೇ ಜನರಿಗೆ ಇನ್ನೊಂದು ಮೆಡಿಕ್ಲೈಮ್ ಯಾಕೆ ಕೊಳ್ಳುತ್ತಾರೆ? ನಿಮಗೆ ಉಳಿಯುವುದು ಆಫೀಸಿನ ಸ್ಟಾಫು, ಮ್ಯಾನೇಜರುಗಳು, ಡಾಕ್ಟರುಗಳು. ಅವರ ಪ್ರೀಮಿಯಂ ಕೂಡ ಕೆಲವು ಸಾವಿರ ರೂಪಾಯಿ, ಅದರಲ್ಲಿ ಒಂದು ಪಾಲು ಮಾತ್ರ ಕಮಿಷನ್. ಈಗ ನಿಮಗೆ ತಿಂಗಳಿಗೆ 1,82,000 ರೂಪಾಯಿ ಬರುತ್ತಿದೆ. ಅದನ್ನು ಬಿಟ್ಟುಕೊಟ್ಟರೆ ವಿಮೆಯಿಂದ ವಾಪಸ್ ಬರುತ್ತದಾ, ಒಂದು ಹಾಳೆಯಲ್ಲಿ ಕೂಡಿ ಕಳೆದು ನೋಡಿ.

ವಿಮೆ ಮಾರಿ ಕಮಿಷನ್ ಪಡೆಯಲು ಇಲ್ಲೂ ವಿಮಾ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಬೇಕು. ಪಾಲಿಸಿ ಕೊಳ್ಳಲಿ ಅಂತ ಗಿರಾಕಿಗೆ ರಿಯಾಯಿತಿಯ ಆಮಿಷ ಒಡ್ಡುವುದನ್ನು ನಮ್ಮ ವಿಮಾ ಕಾನೂನು ತಡೆಯುತ್ತದೆ. ಪುಕ್ಕಟೆ ಸಾಫ್ಟ್‌ವೇರ್ ಆ ಲೆಕ್ಕಕ್ಕೆ ಬರುತ್ತದಾ ಅನ್ನೋದನ್ನು ವಕೀಲರ ಹತ್ತಿರ ಲಿಖಿತವಾಗಿ ಕೇಳಿ. ಸುಮ್ನೆ ಹೆದರಿಸುತ್ತಿಲ್ಲ. ಅಮೆರಿಕದ ಯೂಟಾ ರಾಜ್ಯ 2014ರಲ್ಲಿ ಝೆನಿಫಿಟ್ಸ್ ವಿರುದ್ಧ ಇದೇ ತಕರಾರು ತೆಗೆದಿತ್ತು. ಮರುವರ್ಷ ಕಾನೂನನ್ನೇ ತಿದ್ದಿದ ಮೇಲೆ ಅದು ಬಗೆಹರಿಯಿತು. ನಿಮಗೋಸ್ಕರ ಇಲ್ಲಿ ಯಾರೂ ಕಾನೂನು ತಿದ್ದುವುದಿಲ್ಲ.

ಸಂಬಳದ ಮುಂಗಡ ಸಾಲ ಇನ್ನೂ ಗೋಜಲಿನದು. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದ ಪ್ರಕಾರ ಸಾಲ ಕೊಡುವುದು ಬ್ಯಾಂಕು ಅಥವಾ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕಲ್ಲದ ಹಣಕಾಸು ಕಂಪನಿ. ದುಡ್ಡು ನೇರವಾಗಿ ಸಾಲಗಾರನ ಖಾತೆಗೆ ಹೋಗಬೇಕು, ನಿಮ್ಮ ಖಾತೆ ಮಧ್ಯೆ ಬರುವ ಹಾಗಿಲ್ಲ. ಸಂಬಳದಿಂದ ಎಲ್ಲ ಕಡಿತ ಸೇರಿ ಅರ್ಧಕ್ಕಿಂತ ಜಾಸ್ತಿ ಮುರಿಯುವಂತಿಲ್ಲ ಅಂತ ವೇತನ ಸಂಹಿತೆ ಹೇಳುತ್ತದೆ. ಸಾಲ ತೆಗೆದುಕೊಂಡ ಹುಡುಗ ತಿಂಗಳ ಮಧ್ಯೆ ಕೆಲಸ ಬಿಟ್ಟರೆ ಮಾಲೀಕರು ಫೋನ್ ಮಾಡುವುದು ನಿಮಗೆ. ಇನ್ನೊಂದು ವಿಷಯ. ನೌಕರನ ಸಂಬಳದ ವಿವರ ನಿಮ್ಮ ಹತ್ತಿರ ಇರುವುದು ಸಂಬಳ ಮಾಡುವುದಕ್ಕೆ. ಅದನ್ನು ಸಾಲ ಮಾರಲು ಬಳಸಬೇಕಾದರೆ ಆ ನೌಕರನ ಒಪ್ಪಿಗೆ ಬೇಕು. 2023ರ ವೈಯಕ್ತಿಕ ದತ್ತಾಂಶ ಕಾನೂನಿನಲ್ಲಿ, ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಈಗ ಈ ಧಂದೆಯ ಬಗ್ಗೆ ಇರುವ ದೊಡ್ಡ ತಪ್ಪು ನಂಬಿಕೆಗೆ ಬರೋಣ. ಸಾಫ್ಟ್‌ವೇರ್ ಒಂದು ಸಲ ಬರೆದರೆ ಮುಗಿಯಿತು, 70 ಗಿರಾಕಿಗಳಿದ್ದರೂ 1,000 ಇದ್ದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ ಅನ್ನುತ್ತಾರೆ. ಬೇರೆ ಸಾಫ್ಟ್‌ವೇರಿಗೆ ಇದು ಸುಮಾರಾಗಿ ನಿಜ ಇರಬಹುದು. ಪೇರೋಲಿಗೆ ಅಲ್ಲ.

ವೃತ್ತಿ ತೆರಿಗೆ ಒಂದನ್ನೇ ನೋಡಿ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಮೇಲ್ಪಟ್ಟು ಸಂಬಳ ಇದ್ದರೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300. ಬೆಳಗಾವಿಯ ನಿಮ್ಮ ಗಿರಾಕಿ ಕೊಲ್ಹಾಪುರದಲ್ಲಿ ಬ್ರಾಂಚ್ ತೆರೆದರೆ ಮಹಾರಾಷ್ಟ್ರದ ಸ್ಲ್ಯಾಬ್ ಬೇರೆ, ಅಲ್ಲಿ ಹೆಂಗಸರಿಗೆ ಮಿತಿಯೇ ಬೇರೆ. ತಮಿಳುನಾಡಿನಲ್ಲಿ ಆರು ತಿಂಗಳಿಗೊಮ್ಮೆ, ಅದೂ ಸ್ಥಳೀಯ ಸಂಸ್ಥೆಗೆ ಕಟ್ಟಬೇಕು. ದೆಹಲಿ, ಹರಿಯಾಣದಲ್ಲಿ ವೃತ್ತಿ ತೆರಿಗೆಯೇ ಇಲ್ಲ. ಕಾರ್ಮಿಕ ಕಲ್ಯಾಣ ನಿಧಿ ನಮ್ಮಲ್ಲಿ ವರ್ಷಕ್ಕೊಮ್ಮೆ, ಮಹಾರಾಷ್ಟ್ರದಲ್ಲಿ ಎರಡು ಸಲ. ಕನಿಷ್ಠ ವೇತನ ರಾಜ್ಯಕ್ಕೊಂದು, ಅದರೊಳಗೆ ಉದ್ಯಮಕ್ಕೊಂದು, ವಲಯಕ್ಕೊಂದು. ಇದರ ಮೇಲೆ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗ ವೇತನದ ಲೆಕ್ಕಕ್ಕೆ ಸೇರಬೇಕು. ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ಮುಂದಿನ ತಿಂಗಳ ಸಂಬಳದ ಜೊತೆ ಫುಲ್ ಅಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) ಮಾಡೋಣ ಅನ್ನುವ ರೂಢಿಯ ಮೇಲೆ ಎಷ್ಟು ಸಾಫ್ಟ್‌ವೇರ್‌ಗಳು ನಿಂತಿದ್ದವು ಗೊತ್ತಲ್ವಾ?

ನಿಮ್ಮ ಕೋಡಿನಲ್ಲಿ ಒಂದು ಸಾಲು ತಪ್ಪಾದರೆ ಅದು ಒಬ್ಬ ಗಿರಾಕಿಗೆ ತಪ್ಪಾಗುವುದಿಲ್ಲ, ಎಲ್ಲರಿಗೂ ಅದೇ ತಿಂಗಳು ತಪ್ಪಾಗುತ್ತದೆ. ಹೊರಗಿನವರಿಗೆ ಇದು ಅರ್ಥವೇ ಆಗುವುದಿಲ್ಲ. 25ನೇ ತಾರೀಖಿನಿಂದ ಮುಂದಿನ 7ರವರೆಗೆ ನಿಮ್ಮ ಫೋನು ಹೇಗೆ ಬಡಿದುಕೊಳ್ಳುತ್ತದೆ ನಿಮಗೇ ಗೊತ್ತು. ಬಯೋಮೆಟ್ರಿಕ್ ಮಿಷನ್ನಿನಿಂದ ಹಾಜರಿ ಬಂದಿಲ್ಲ, ಸೂಪರ್‌ವೈಸರ್ ಓಟಿ ಕೊಟ್ಟಿಲ್ಲ, ಮಾಲೀಕರು ಕೊನೇ ಗಳಿಗೆಯಲ್ಲಿ ಇನ್‌ಸೆಂಟಿವ್ ಸೇರಿಸಿ ಅನ್ನುತ್ತಾರೆ. 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ವೃತ್ತಿ ತೆರಿಗೆ. ಗಿರಾಕಿಗಳು ಹದಿನಾಲ್ಕು ಪಟ್ಟಾದರೆ ಈ ಹತ್ತು ಹನ್ನೆರಡು ದಿನದ ಕೂಗಾಟ ಕೂಡ ಹದಿನಾಲ್ಕು ಪಟ್ಟಾಗುತ್ತದೆ, ಉಳಿದ ದಿನ ಆ ಸಪೋರ್ಟ್ ಹುಡುಗರಿಗೆ ಅಷ್ಟು ಕೆಲಸ ಇರುವುದಿಲ್ಲ, ಸಂಬಳ ಮಾತ್ರ ತಿಂಗಳು ಪೂರ್ತಿ.

ಹೊಸ ಗಿರಾಕಿಯನ್ನು ಒಳಗೆ ತರುವುದಂತೂ ಕೈಕೆಲಸ. ಹಳೇ ಎಕ್ಸೆಲ್ ಶೀಟಿನಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಿಎಫ್‌ನ ಯುಎಎನ್ ನಂಬರ್ ಹೊಂದುವುದಿಲ್ಲ. ರಜೆಯ ಬಾಕಿ ಯಾರಿಗೂ ಗೊತ್ತಿಲ್ಲ. ವರ್ಷದ ಮಧ್ಯೆ ಬಂದರೆ ಏಪ್ರಿಲ್‌ನಿಂದ ಅಲ್ಲಿಯವರೆಗಿನ ಸಂಬಳ, ತೆರಿಗೆ ಎಲ್ಲ ತುಂಬಬೇಕು, ಇಲ್ಲದಿದ್ದರೆ ಜೂನ್‌ನಲ್ಲಿ ಫಾರ್ಮ್ 16 ಕೊಡುವಾಗ ಬಣ್ಣ ಬಯಲಾಗುತ್ತದೆ. ಎರಡು ತಿಂಗಳು ಹಳೆಯದು ಹೊಸದು ಎರಡೂ ಓಡಿಸಿ ರೂಪಾಯಿ ರೂಪಾಯಿ ತಾಳೆ ನೋಡಬೇಕು. ಇದನ್ನು ಬಿಟ್ಟು ಗೋ ಲೈವ್ ಮಾಡಿದ ಕಂಪನಿಗಳು ಮೊದಲ ತಿಂಗಳೇ ಕಾರ್ಮಿಕರ ಗಲಾಟೆ ನೋಡಿವೆ. ಪುಕ್ಕಟೆ ಬಂದ ಗಿರಾಕಿಗೆ ಈ ತಾಳೆ ನೋಡುವ ತಾಳ್ಮೆ ಇನ್ನೂ ಕಮ್ಮಿ. ದುಡ್ಡು ಕೊಟ್ಟವರು ಡೇಟಾ ಸರಿಮಾಡಿ ಕೊಡುತ್ತಾರೆ.

ಇನ್ನು ನುಂಗುವ ಭಯ. ಇದು ಪೂರ್ತಿ ಸುಳ್ಳಲ್ಲ. 300, 400 ಜನರಿರುವ ನಿಮ್ಮ ಒಂದೆರಡು ಗಿರಾಕಿಗಳು, ನೇಮಕಾತಿ, ಪರ್ಫಾರ್ಮೆನ್ಸ್ ರಿವ್ಯೂ ಎಲ್ಲ ಒಂದೇ ಆ್ಯಪಿನಲ್ಲಿ ಬೇಕು ಅನ್ನುವವರು, ಇವತ್ತಲ್ಲ ನಾಳೆ ದೊಡ್ಡವರ ಹತ್ತಿರ ಹೋಗುತ್ತಾರೆ. ತಡೆಯಲು ಹೋಗಬೇಡಿ. ಆದರೆ ಉಳಿದವರು ಅಷ್ಟು ಸುಲಭವಾಗಿ ಹೋಗುವುದಿಲ್ಲ, ಯಾಕೆಂದರೆ ಪೇರೋಲ್ ಬದಲಿಸುವುದು ಗಿರಾಕಿಗೂ ತಲೆನೋವೇ. ಈ ಧಂದೆಯಲ್ಲಿ ಬರುವವರೂ ನಿಧಾನ, ಹೋಗುವವರೂ ನಿಧಾನ.

ಇತಿಹಾಸವೂ ಅದನ್ನೇ ತೋರಿಸುತ್ತದೆ. ಎಡಿಪಿ 1949ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾದ ಪೇರೋಲ್ ಕಂಪನಿ, ಬೆಟ್ಟದಷ್ಟು ದೊಡ್ಡದು. ಅದು ಇರುವಾಗಲೇ 1971ರಲ್ಲಿ ಟಾಮ್ ಗೊಲಿಸಾನೋ ರೋಚೆಸ್ಟರ್‌ನಲ್ಲಿ 3,000 ಡಾಲರ್ ಇಟ್ಟುಕೊಂಡು ಪೇಚೆಕ್ಸ್ ಶುರುಮಾಡಿದರು. ದೊಡ್ಡ ಗಿರಾಕಿಗಳ ಹಿಂದೆ ಎಲ್ಲರೂ ಓಡುತ್ತಿದ್ದಾಗ ಅವರು ಸಣ್ಣ ಅಂಗಡಿ, ವರ್ಕ್‌ಶಾಪುಗಳನ್ನು ಹಿಡಿದರು. ಎರಡೂ ಕಂಪನಿ ಇವತ್ತಿಗೂ ಇವೆ. ಈಗ ಗಸ್ಟೋ ಅಂತ ಹೆಸರಾದ ಝೆನ್‌ಪೇರೋಲ್, ಝೆನಿಫಿಟ್ಸ್ ಕಾಲದ್ದೇ. ಅದು 2012ರಲ್ಲಿ ಬರೀ ಕ್ಯಾಲಿಫೋರ್ನಿಯಾದ ಗಿರಾಕಿಗಳಿಂದ ಶುರುಮಾಡಿ ಒಂದೊಂದೇ ರಾಜ್ಯ ಸೇರಿಸುತ್ತ ಹೋಯಿತು. ಅಷ್ಟು ದೂರ ಯಾಕೆ, ಗ್ರೇಟ್‌ಎಚ್‌ಆರ್ ಅನ್ನುವ ಪೇರೋಲ್ ಸಾಫ್ಟ್‌ವೇರ್ ಮಾಡುವ ಬೆಂಗಳೂರಿನ ಗ್ರೇಟಿಪ್ ಶುರುವಾದದ್ದು 1994ರಲ್ಲಿ. ನೌಕ್ರಿ ಡಾಟ್ ಕಾಮ್ ನಡೆಸುವ ಇನ್ಫೋ ಎಡ್ಜ್ ಅದರಲ್ಲಿ ದುಡ್ಡು ಹಾಕಿದ್ದು 2020ರಲ್ಲಿ. ಮಧ್ಯೆ ಎಷ್ಟು ವರ್ಷ ಹೋಯಿತು ಲೆಕ್ಕ ಹಾಕಿ.

ಹಾಗಾದರೆ ಮಾಡುವುದೇನು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ರೇಟು ಸರಿಮಾಡುತ್ತೇನೆ. 35 ರೂಪಾಯಿ ತೀರಾ ಕಮ್ಮಿ. 50 ಮಾಡಿದರೆ ಇದೇ ಗಿರಾಕಿಗಳಿಂದ ತಿಂಗಳಿಗೆ 2,60,000 ಬರುತ್ತದೆ. ಹತ್ತು ಜನರಿರುವ ಅಂಗಡಿಗೂ ಇಷ್ಟು ಅಂತ ಕನಿಷ್ಠ ಬಿಲ್ ಇಡಿ, ಅವರ ಫೋನ್ ಕಾಲುಗಳು ದೊಡ್ಡವರಿಗಿಂತ ಕಡಿಮೆ ಇರುವುದಿಲ್ಲವಲ್ಲ. ಕೆಲವರು ಗೊಣಗುತ್ತಾರೆ, ನಾಲ್ಕೈದು ಕಂಪನಿ ಬಿಡಲೂಬಹುದು. ಕಾರ್ಮಿಕ ಸಂಹಿತೆಯ ಬದಲಾವಣೆ ನೋಡಿಕೊಳ್ಳುತ್ತೇವೆ ಅಂತ ಹೇಳಿಯೇ ಏರಿಸಿ, ಹೇಳಿದ ಮೇಲೆ ನೋಡಿಕೊಳ್ಳಿ.

ಆಮೇಲೆ ಪಿಎಫ್ ಕನ್ಸಲ್ಟೆಂಟರು ಮತ್ತು ಸಿಎಗಳು. ಸಣ್ಣ ಕಾರ್ಖಾನೆಯವರು ಸಾಫ್ಟ್‌ವೇರ್ ಯಾವುದು ತಗೊಳ್ಳಲಿ ಅಂತ ಕೇಳುವುದು ಅವರನ್ನೇ. ಅವರನ್ನು ಎದುರಾಳಿ ಅಂದುಕೊಂಡ ಪೇರೋಲ್ ಕಂಪನಿಗಳು ಜಿಲ್ಲಾ ಊರುಗಳಲ್ಲಿ ಬೇರು ಬಿಡಲಿಲ್ಲ. ಒಬ್ಬ ಕನ್ಸಲ್ಟೆಂಟ್ ಒಂದೇ ಲಾಗಿನ್‌ನಲ್ಲಿ ತನ್ನ ಇಪ್ಪತ್ತು ಕಂಪನಿಯ ಚಲನ್ ತೆಗೆಯುವ ಹಾಗೆ ಮಾಡಿಕೊಡಿ, ಬರುವುದರಲ್ಲಿ ಪಾಲು ಕೊಡಿ. ಇದರಲ್ಲೂ ಅಪಾಯ ಇದೆ. ಆತ ಮುನಿಸಿಕೊಂಡರೆ ಇಪ್ಪತ್ತೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಕರಾರು ಕಂಪನಿ ಜೊತೆಗೇ ಇರಲಿ, ಬಿಲ್ ಕಂಪನಿ ಹೆಸರಿಗೇ ಹೋಗಲಿ.

ಹೊರರಾಜ್ಯಕ್ಕೆ ಹೋಗುವುದಾದರೆ ಮೊದಲು ಮಹಾರಾಷ್ಟ್ರ, ಅದೂ ಸಾಂಗ್ಲಿ, ಕೊಲ್ಹಾಪುರದ ಕಡೆ, ನಿಮ್ಮ ಗಿರಾಕಿಗಳ ಬ್ರಾಂಚ್ ಹಿಡಿದುಕೊಂಡು. ಮುಂದಿನ ನೇಮಕ ಸೇಲ್ಸ್‌ನವರದ್ದಲ್ಲ, ನಿಯಮ ಓದಿ ಕೋಡ್ ಪರೀಕ್ಷೆ ಮಾಡುವ ಒಬ್ಬರದ್ದು ಆಗಲಿ. ಪಿಎಫ್ ಆಫೀಸಿನ ಸುತ್ತೋಲೆ ಓದಿ ಅರಗಿಸಿಕೊಳ್ಳುವ ಜನ ಡೆವಲಪರ್‌ಗಳಿಗಿಂತ ಅಪರೂಪ, ನಿಜ ಹೇಳಬೇಕೆಂದರೆ.

ಹೂಡಿಕೆ ತೆಗೆದುಕೊಳ್ಳುವುದೂ ಒಂದು ದಾರಿ. ಪುಕ್ಕಟೆ ಷರತ್ತು ಇಲ್ಲದ, ಸಣ್ಣ ಮೊತ್ತದ ಹೂಡಿಕೆ. ಆ ದುಡ್ಡು ಹೊಸ ಗಿರಾಕಿಯನ್ನು ಒಳಗೆ ತರುವ ತಂಡಕ್ಕೆ, ಡೇಟಾ ಭದ್ರತೆಗೆ, ಮೊಬೈಲ್ ಆ್ಯಪಿಗೆ ಹೋದರೆ ಸಾರ್ಥಕ. ಮಾರಿಬಿಡುವುದು ಇನ್ನೊಂದು ದಾರಿ, ಆದರೆ ಈ ರೇಟಿನಲ್ಲಿ ನಿಮಗೆ ಒಳ್ಳೆ ಬೆಲೆ ಬರುವುದಿಲ್ಲ, ಅದಕ್ಕೂ ಮೊದಲು ರೇಟೇ ಸರಿಯಾಗಬೇಕು.

ಒಂದು ಎಚ್ಚರಿಕೆ. ಪುಕ್ಕಟೆಗೆ ಒಪ್ಪದಿದ್ದರೆ ಮುಂದಿನ ಮಾತು ಇದು ಬರುತ್ತದೆ: ಗಿರಾಕಿಯ ಸಂಬಳದ ಹಣ ನಮ್ಮ ಖಾತೆಯ ಮೂಲಕ ಹೋಗಲಿ, ಎರಡು ಮೂರು ದಿನದ ಬಡ್ಡಿ ಸಿಗುತ್ತದೆ ಅಂತ. ಬಡ್ಡಿ ಬರುವುದು ನಿಜವೇ. ಎಡಿಪಿಗೆ 2024ರ ಹಣಕಾಸು ವರ್ಷದಲ್ಲಿ ಗಿರಾಕಿಗಳ ಹಣ ಇಟ್ಟುಕೊಂಡಿದ್ದರಿಂದಲೇ ಬಂದ ಬಡ್ಡಿ 100 ಕೋಟಿ ಡಾಲರ್ ದಾಟಿತ್ತು. ಆದರೆ 2019ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಮೈಪೇರೋಲ್‌ಎಚ್‌ಆರ್ ಅನ್ನುವ ಪೇರೋಲ್ ಕಂಪನಿ ಮುಚ್ಚಿದಾಗ, ನೌಕರರ ಖಾತೆಗೆ ಬಿದ್ದಿದ್ದ ಸಂಬಳವನ್ನೇ ವಾಪಸ್ ಎಳೆದರು, ಕೆಲವರ ಖಾತೆಯಿಂದ ಎರಡೆರಡು ಸಲ. ಮಾಲೀಕನಿಗೆ 12 ವರ್ಷ ಜೈಲಾಯಿತು. ಅದು ಮೋಸದ ಕೇಸು ಅನ್ನಬಹುದು. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ರಿಪ್ಲಿಂಗ್ ಯಾವ ಮೋಸವನ್ನೂ ಮಾಡಿರಲಿಲ್ಲ, ಸಂಬಳದ ಹಣ ಆ ಬ್ಯಾಂಕಿನ ಮೂಲಕ ಹೋಗುತ್ತಿತ್ತು ಅಷ್ಟೇ. ನೌಕರರ ಸಂಬಳ ತಡವಾಯಿತು, ಕಂಪನಿ ಕೆಲವೇ ದಿನದಲ್ಲಿ 50 ಕೋಟಿ ಡಾಲರ್ ಹೂಡಿಕೆ ಎತ್ತಿ ಬಚಾವಾಯಿತು. ನಿಮಗೆ ಆ ಹೊತ್ತಿನಲ್ಲಿ ಯಾರು ಕೊಡುತ್ತಾರೆ? ಈಗಿನ ಹಾಗೆ ಬ್ಯಾಂಕ್ ಫೈಲ್ ಮಾಡಿಕೊಡಿ, ಹಣ ಗಿರಾಕಿಯ ಖಾತೆಯಿಂದ ನೇರವಾಗಿ ನೌಕರನಿಗೆ ಹೋಗಲಿ.

ಹೂಡಿಕೆದಾರರ ಕರಾರು ಕೈಗೆ ಬಂದಾಗ ಎರಡು ಕಡೆ ನಿಧಾನವಾಗಿ ಓದಿ. ದುಡ್ಡು ಕಂತಿನಲ್ಲಿ ಬರುವುದಾದರೆ ಮುಂದಿನ ಕಂತಿಗೆ ಗುರಿ ಏನಿಟ್ಟಿದ್ದಾರೆ? ಕಂಪನಿಗಳ ಸಂಖ್ಯೆ ಅಂತ ಇದ್ದರೆ, ಬಿಲ್ ಕಟ್ಟುವ ಗಿರಾಕಿಗಳು ಅಂತ ಬದಲಿಸಲು ಹೇಳಿ. ಎರಡನೆಯದು, ವಿಮೆಯ ಲೈಸೆನ್ಸ್ ಸಿಗದಿದ್ದರೆ ಅಥವಾ ತಡವಾದರೆ ಆ ತಿಂಗಳುಗಳ ಖರ್ಚು ಯಾರದ್ದು, ನಿಮ್ಮ ಪಾಲಿನ ಷೇರು ಎಷ್ಟು ಕರಗುತ್ತದೆ ಅನ್ನೋದು. ಇದನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಕೇಳಿ, ತಮ್ಮನನ್ನೂ ಅದರಲ್ಲಿ ಸೇರಿಸಿ. ಉತ್ತರ ಬಂದ ಮೇಲೆ ಮೂವರೂ ಕೂತು ಓದಿ.